ಡಾಂಬರು ಹಾಕುವಾಗ ಪಕ್ಕದಲ್ಲೇ ನಿಂತು ನೋಡಿದ ದಿನ

ನಮ್ಮೂರ ಬಸ್ ಸ್ಟಾಪಿನಿಂದ ಶಾಲೆವರೆಗಿನ ರಸ್ತೆಗೆ ಅಂತೂ ಹೊಸ ಡಾಂಬರು ಬಂತು. ಹಿಂದಿನ ಸಲ ಹಾಕಿದ್ದು ಎರಡು ಮಳೆಗಾಲವೂ ತಡೆಯದೆ ಹಪ್ಪಳದಂತೆ ಎದ್ದು ಬಂದಿತ್ತು. ಅದಕ್ಕೇ ಕೆಲಸದ ದಿನ ಮಾವನನ್ನು ಕರೆಸಿಕೊಂಡೆ. ಅಮ್ಮನ ತಮ್ಮ. ರಸ್ತೆ ಕಾಮಗಾರಿಯ ಕ್ವಾಲಿಟಿ ಲ್ಯಾಬ್‌ನಲ್ಲೇ ದುಡಿದು ನಿವೃತ್ತರಾದವರು.

ಮಾವ ಬಂದವರೇ ಹಳೇ ರಸ್ತೆ ಮೇಲೆ ಅಂಗೈ ಉಜ್ಜಿ ನೋಡಿದರು. ಧೂಳು ಮೆತ್ತಿಕೊಂಡಿತು. "ಧೂಳಿನ ಮೇಲೆ ಹಾಕಿದ್ರೆ ಅಂಟಲ್ಲ ಕಣೋ, ಹೋದ್ಸಲ ಎದ್ದಿದ್ದು ಇದಕ್ಕೇ ಇರ್ಬೇಕು" ಅಂದರು. ಮೇಸ್ತ್ರಿಗೆ ಹೇಳಿ ಇನ್ನೊಮ್ಮೆ ಗುಡಿಸಿ, ಗಾಳಿ ಹೊಡೆಸಿದರು. ಆಮೇಲೆ ಅಂಟು ಬರಲು ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಸಿಂಪಡಿಸಿದರು. ಅದು ಮೊದಲು ಕಂದು ಬಣ್ಣಕ್ಕಿರುತ್ತದೆ, ನೀರು ಬಿಟ್ಟುಕೊಂಡ ಮೇಲೆ ಕಪ್ಪಾಗುತ್ತದೆ. ಕಪ್ಪಾಗುವವರೆಗೂ ಅದರ ಮೇಲೆ ಮಿಕ್ಸ್ (ಜಲ್ಲಿ, ಡಾಂಬರು ಬೆರೆಸಿದ ಬಿಸಿ ಮಿಶ್ರಣ) ಸುರಿಯಬಾರದು. ಈ ಕಾಯುವ ಹೊತ್ತಲ್ಲೇ ಆತುರ ಮಾಡಿ ಕೆಲಸ ಕೆಡಿಸೋದು ಜಾಸ್ತಿ ಅಂತೆ.

ಮೊದಲ ಟಿಪ್ಪರ್ ಸರಿಯಾಗಿ ಬಂತು. ಎರಡನೆಯದರ ತಾಡಪಾಲು ಅರ್ಧಕ್ಕೇ ಸರಿದಿತ್ತು. ಮಾವ ಸೈಟಿನವರ ಹತ್ತಿರವೇ ಥರ್ಮಾಮೀಟರ್ ಇಸ್ಕೊಂಡು, ಅದರ ಉದ್ದ ಕಡ್ಡಿಯನ್ನು ಮಿಕ್ಸ್ ಒಳಗೆ ಚುಚ್ಚಿ ಹಿಡಿದರು. ಮುಳ್ಳು 118ಕ್ಕೆ ನಿಂತಿತು. ಇಲ್ಲಿ ಹಾಕುತ್ತಿದ್ದದ್ದು ವಿಜಿ-30 ಅನ್ನುವ ದರ್ಜೆಯ ಡಾಂಬರು. ಅದನ್ನು ಹರಡುವಾಗ ಕಡಿಮೆ ಅಂದರೂ 140 ಡಿಗ್ರಿ ಇರಬೇಕು. ಆರಿದ ಮಿಕ್ಸ್ ಮೇಲೆ ಎಷ್ಟು ರೋಲರ್ ಓಡಿಸಿದರೂ ಅದು ಒತ್ತಾಗಿ ಕೂರುವುದಿಲ್ಲ.

"ಯಜಮಾನ್ರೇ, ಇದೊಂದು ಲೋಡು ಬಿಟ್ಬಿಡಿ" ಅಂದ ಮೇಸ್ತ್ರಿ.

"ಆ ಲೋಡು ಬಿದ್ದ ಜಾಗದಲ್ಲೇ ನಾಳೆ ಗುಂಡಿ ಬೀಳೋದಪ್ಪಾ" ಅಂದರು ಮಾವ, ದನಿ ಏರಿಸದೆ. ಇಂಜಿನಿಯರ್ ಬಂದು ತಾವೂ ಕಡ್ಡಿ ಚುಚ್ಚಿ ನೋಡಿದರು. ಲೋಡು ವಾಪಸ್ ಹೋಯಿತು. ಆ ಹುಡುಗ ಇಂಜಿನಿಯರ್ ಬಗ್ಗೆ ನನಗೆ ನಿಜವಾಗಿ ಗೌರವ ಬಂತು. ಗುತ್ತಿಗೆದಾರರ ಕಡೆಯವರು ಎದುರಿಗೇ ನಿಂತಿದ್ದರು, ಹಾಗೆ ಹೇಳೋದು ಸುಲಭ ಅಲ್ಲ.

ದಪ್ಪವನ್ನೂ ಅಳೆದೆವು. ರೋಲರ್ ಓಡಿದ ಮೇಲೆ 30 ಮಿಲಿಮೀಟರ್ ಉಳಿಯಬೇಕು ಅಂದರೆ, ಪೇವರ್ ಯಂತ್ರ ಮಿಕ್ಸ್ ಹರಡಿದಾಗ ಅದಕ್ಕಿಂತ ಜಾಸ್ತಿಯೇ ಇರಬೇಕು ಅಲ್ವಾ? ಶಾಲೆ ಕಡೆಯ ಅಂಚಿನಲ್ಲಿ ಸ್ಕೇಲು ಇಳಿಸಿದರೆ, ರೋಲರ್ ಬರುವ ಮೊದಲೇ ಬರೀ 30. ಹೇಳಿದ ಮೇಲೆ ಸರಿ ಮಾಡಿಕೊಂಡರು. ರೋಲರ್ ಹುಡುಗ ಮಾತ್ರ ಕೆಲಸ ಬಲ್ಲವನು. ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಿದ್ದ. ಚಕ್ರಕ್ಕೆ ಮಿಕ್ಸ್ ಅಂಟದಂತೆ ನೀರನ್ನೇ ಬಿಡುತ್ತಿದ್ದ. ಕೆಲವು ಕಡೆ ಡೀಸೆಲ್ ಸವರುತ್ತಾರೆ, ಅದು ಡಾಂಬರನ್ನೇ ಕರಗಿಸುತ್ತದೆ.

ಸಂಜೆ ಹೊತ್ತಿಗೆ ರಸ್ತೆಯೆಲ್ಲ ಒಂದೇ ಸಮ ಕಪ್ಪಗಾಗಿತ್ತು. ಬೆಳಿಗ್ಗೆಯಿಂದ ನೋಡದವರಿಗೆ ಯಾವ ಜಾಗ ಗಟ್ಟಿ, ಯಾವುದು ಪೊಳ್ಳು ಅಂತ ಗೊತ್ತಾಗುವ ಹಾಗೇ ಇರಲಿಲ್ಲ. ಶಾಲೆ ಕಡೆಯ ಅಂಚಿನಲ್ಲೂ ಕೋರ್, ಅಂದರೆ ರಸ್ತೆ ಕೊರೆದ ತುಂಡು, ತೆಗೆಸಿ ದಪ್ಪ ನೋಡಿ ಅಂತ ಇಂಜಿನಿಯರ್‌ಗೆ ಬರೆದುಕೊಟ್ಟೆವು. ಚರಂಡಿ ಈ ಟೆಂಡರಿನಲ್ಲಿ ಇಲ್ಲವಂತೆ. ನೀರು ನಿಂತರೆ ಎಂಥ ಡಾಂಬರೂ ಉಳಿಯಲ್ಲ, ಹಾಗಾಗಿ ಅದಕ್ಕೆ ಪಂಚಾಯಿತಿಗೆ ಬೇರೆ ಅರ್ಜಿ ಕೊಟ್ಟಿದ್ದೇವೆ.