ಹ್ಯಾಲಿಫ್ಯಾಕ್ಸ್‌ನಲ್ಲಿ ನಾಲ್ಕನೇ ನಂಬರಿನ ಗೋರಿ

"ಊರು ನೋಡಲಿಕ್ಕೆ ಬಂದವರು ಸ್ಮಶಾನ ನೋಡುವುದಾ?" ಅಂತ ನನ್ನ ಹೆಂಡತಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಗಳು ಓದುತ್ತಿರುವ ಹ್ಯಾಲಿಫ್ಯಾಕ್ಸ್‌ಗೆ ನಾವು ಬಂದು ಮೂರೇ ದಿನ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ವಾಪಸ್ ಬಂದು ಮೂವರೂ ತಲೆಗೆ ಸ್ನಾನ ಮಾಡಬೇಕು.

ಟೈಟಾನಿಕ್ ಮುಳುಗಿದ ಜಾಗ ಇಲ್ಲಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ಬದುಕಿ ಉಳಿದ ಸುಮಾರು 700 ಜನರನ್ನು ಕಾರ್ಪೇಥಿಯಾ ಹಡಗು ನ್ಯೂಯಾರ್ಕ್‌ಗೆ ಕರೆದೊಯ್ದಿತು. ಸತ್ತವರು ಬಂದಿದ್ದು ಮಾತ್ರ ಕೆನಡಾದ ಈ ಊರಿಗೆ. ಹತ್ತಿರದ ದೊಡ್ಡ ಬಂದರು ಇದು, ಮುಂದಕ್ಕೆ ಸಾಗಿಸಲು ರೈಲೂ ಇತ್ತು.

ಮೊದಲು ಬಂದರಿನ ಪಕ್ಕದ ಮ್ಯಾರಿಟೈಮ್ ಮ್ಯೂಸಿಯಂಗೆ ಹೋದೆವು. ಹಡಗಿನ ಡೆಕ್ ಕುರ್ಚಿಯ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನಾವು ನಿಂತದ್ದು ಒಂದು ಜೊತೆ ಪುಟ್ಟ ಚರ್ಮದ ಬೂಟಿನ ಮುಂದೆ. ಸತ್ತವರ ಬಟ್ಟೆಗಳನ್ನು ನೆನಪಿನ ವಸ್ತು ಅಂತ ಯಾರೂ ಕದಿಯದಿರಲಿ ಎಂದು ಆಗ ಸುಟ್ಟುಹಾಕಿದ್ದರು. ಕಾವಲಿಗಿದ್ದ ಪೊಲೀಸ್ ಸಾರ್ಜೆಂಟ್ ಕ್ಲಾರೆನ್ಸ್ ನಾರ್ಥೋವರ್‌ಗೆ ಈ ಬೂಟು ಸುಡಲು ಮನಸ್ಸು ಬರಲಿಲ್ಲ. ತನ್ನ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡ. 2002ರಲ್ಲಿ ಅವನ ಮನೆಯವರು ಮ್ಯೂಸಿಯಂಗೆ ಕೊಟ್ಟರು.

1912ರ ಏಪ್ರಿಲ್ 17ರಂದು ಹೆಣ ಹುಡುಕಲು ಮೊದಲು ಹೊರಟದ್ದು ಮ್ಯಾಕೆ-ಬೆನೆಟ್. ಸಮುದ್ರದ ತಳದಲ್ಲಿ ತಂತಿ ರಿಪೇರಿ ಮಾಡುವ ಹಡಗು ಅದು. ಶವಪೆಟ್ಟಿಗೆ, ಮಂಜುಗಡ್ಡೆ ತುಂಬಿಕೊಂಡು, ಒಬ್ಬ ಪಾದ್ರಿಯನ್ನೂ ಹತ್ತಿಸಿಕೊಂಡು ಹೋಯಿತು. ಅದು ಇನ್ನೂ ದಾರಿಯಲ್ಲಿದ್ದಾಗಲೇ, 19ರಂದು, ನ್ಯೂಯಾರ್ಕಿನ ದೊಡ್ಡ ಹೋಟೆಲೊಂದರಲ್ಲಿ ಅಮೆರಿಕದ ಸೆನೆಟರ್ ವಿಲಿಯಂ ಸ್ಮಿತ್ ವಿಚಾರಣೆ ಶುರು ಮಾಡಿದ್ದರು. ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಲಾರ್ಡ್ ಮರ್ಸಿ ಇನ್ನೊಂದು ವಿಚಾರಣೆ ನಡೆಸಿದರು. ಎಲ್ಲರಿಗೂ ಸಾಲುವಷ್ಟು ಲೈಫ್‌ಬೋಟ್ ಇರಬೇಕು, ವೈರ್‌ಲೆಸ್ ಹಗಲೂ ರಾತ್ರಿ ಕೇಳುತ್ತಿರಬೇಕು ಎಂಬ ಮಾತೆಲ್ಲ ಗಟ್ಟಿಯಾಗಿದ್ದು ಆಮೇಲೆ. ಆ ಪ್ರಶ್ನೋತ್ತರಗಳ ಬಗ್ಗೆ ಬೇಕಾದಷ್ಟು ಓದಿದ್ದೆ. ಇಲ್ಲಿ ನನ್ನನ್ನು ಹಿಡಿದಿದ್ದು ಒಬ್ಬ ಗುಮಾಸ್ತರಂಥ ಮನುಷ್ಯ.

ಜಾನ್ ಹೆನ್ರಿ ಬಾರ್ನ್‌ಸ್ಟೆಡ್, ಜನನ-ಮರಣ ನೋಂದಣಿ ಅಧಿಕಾರಿ. ಅವರ ಉಪಾಯ ಬಲು ಸರಳ. ನೀರಿನಿಂದ ಎತ್ತಿದ ಪ್ರತಿ ದೇಹಕ್ಕೂ ಒಂದು ನಂಬರ್. ಜೇಬಿನಲ್ಲಿ ಸಿಕ್ಕಿದ್ದೆಲ್ಲ ಅದೇ ನಂಬರಿನ ಕ್ಯಾನ್ವಾಸ್ ಚೀಲಕ್ಕೆ. ಕೂದಲ ಬಣ್ಣ, ಹಚ್ಚೆ, ಬಟ್ಟೆ, ಎಲ್ಲ ಪುಸ್ತಕಕ್ಕೆ. 1917ರ ಡಿಸೆಂಬರ್‌ನಲ್ಲಿ ಇದೇ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸ್ಫೋಟಿಸಿ ಸುಮಾರು 2000 ಜನ ಸತ್ತಾಗ, ಅವರ ಮಗ ಆರ್ಥರ್ ಅದೇ ಪದ್ಧತಿ ಬಳಸಿದರು.

ಮ್ಯಾಕೆ-ಬೆನೆಟ್‌ಗೆ 306 ದೇಹ ಸಿಕ್ಕವು. ಅಷ್ಟು ದೇಹ ಕೆಡದಂತೆ ಇಡಲು ಸಾಮಾನು ಇರಲಿಲ್ಲ. 116 ಜನರನ್ನು ಸಮುದ್ರಕ್ಕೇ ಬಿಟ್ಟರು, ಅವರಲ್ಲಿ ಹೆಚ್ಚಿನವರು ಮೂರನೇ ದರ್ಜೆಯವರು ಮತ್ತು ಹಡಗಿನ ಕೆಲಸಗಾರರು. ಮೊದಲ ದರ್ಜೆಯವರಿಗೆ ಪೆಟ್ಟಿಗೆ, ಎರಡನೇ, ಮೂರನೇ ದರ್ಜೆಯವರಿಗೆ ಕ್ಯಾನ್ವಾಸು. ಸತ್ತ ಮೇಲೂ ಟಿಕೆಟ್ ತೋರಿಸಬೇಕಾಯಿತು, ನೋಡಿ. ಊರಿಗೆ ತಂದವರನ್ನು ಕರ್ಲಿಂಗ್ ಆಡುವ ಮಂಜಿನ ಅಂಗಣದಲ್ಲಿ ಮಲಗಿಸಿ ಬಂಧುಗಳಿಗೆ ತೋರಿಸಿದರು. ಆಮೇಲೆ ಹುಡುಕಿದ ಬೇರೆ ಹಡಗುಗಳು ತಂದವರೂ ಸೇರಿ ಒಟ್ಟು 209 ಜನ. 59 ಜನರನ್ನು ಮನೆಯವರು ಒಯ್ದರು, 150 ಜನ ಇಲ್ಲೇ ಉಳಿದರು.

ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ಅವರಲ್ಲಿ 121 ಜನ. ಇಳಿಜಾರಿನಲ್ಲಿ ಬೂದು ಬಣ್ಣದ ಸಣ್ಣ ಕಲ್ಲುಗಳ ಸಾಲು, ಹಡಗಿನ ಮೈಯಂತೆ ಕೊಂಚ ಬಾಗಿದೆ. ಮೇ ಕೊನೆಯಲ್ಲೂ ಗಾಳಿ ಮೂಳೆ ಕೊರೆಯುತ್ತಿತ್ತು. 227ರ ಮುಂದೆ ಗುಂಪು: "ಜೆ. ಡಾಸನ್". ಟೈಟಾನಿಕ್ ಸಿನಿಮಾದ ಹೀರೋ ಜಾಕ್ ಡಾಸನ್ ಅಂದುಕೊಂಡು ಹೂ ಇಡುತ್ತಾರೆ. ಪಾಪ, ಇವನು ಬಾಯ್ಲರಿನ ಹತ್ತಿರ ಕಲ್ಲಿದ್ದಲು ಎಳೆಯುತ್ತಿದ್ದ ಜೋಸೆಫ್.

ನಾಲ್ಕನೇ ನಂಬರು ಸ್ವಲ್ಪ ದೊಡ್ಡ ಕಲ್ಲು. "ಗುರುತು ಸಿಗದ ಮಗು" ಎಂಬ ಕೆತ್ತನೆ. ಅದನ್ನು ನಿಲ್ಲಿಸಿದ್ದು ಮ್ಯಾಕೆ-ಬೆನೆಟ್‌ನ ನಾವಿಕರು, ಕೈಯಿಂದ ದುಡ್ಡು ಹಾಕಿ. 2002ರಲ್ಲಿ ಡಿಎನ್‌ಎ ನೋಡಿ, 13 ತಿಂಗಳ ಫಿನ್ಲೆಂಡ್ ಮಗು ಅಂದರು. ಆದರೆ ಆ ಡ್ರಾಯರಿನ ಬೂಟು ಇದೇ ಮಗುವಿನದು, ಅಷ್ಟು ಚಿಕ್ಕ ಕಾಲಿಗೆ ದೊಡ್ಡದು. ಮತ್ತೆ ಪರೀಕ್ಷಿಸಿದಾಗ 19 ತಿಂಗಳ ಇಂಗ್ಲಿಷ್ ಮಗು ಸಿಡ್ನಿ ಗುಡ್‌ವಿನ್ ಎಂದು ತಿಳಿಯಿತು. ಅಪ್ಪ, ಅಮ್ಮ, ಐವರು ಅಣ್ಣ-ಅಕ್ಕಂದಿರು ಎಲ್ಲ ಹೋಗಿದ್ದರು. ಇವನೊಬ್ಬನದೇ ದೇಹ ಸಿಕ್ಕಿದ್ದು. ಕಲ್ಲಿನ ಕೆಳಗೆ ಯಾರೋ ಇಟ್ಟ ಗೊಂಬೆಗಳು ನೆನೆದು ಕೂತಿದ್ದವು.

"ಬಸ್ಸಿಗೆ ಹೊತ್ತಾಯ್ತಮ್ಮಾ" ಎಂದಳು ಮಗಳು.

ಹೆಂಡತಿ ಕೆಳಗಿನ ಸಾಲಿನಲ್ಲಿದ್ದಳು. ಅಲ್ಲಿ ಕೆಲವು ಕಲ್ಲುಗಳ ಮೇಲೆ ಹೆಸರಿಲ್ಲ, ತಾರೀಕು ಮತ್ತು ನಂಬರು ಅಷ್ಟೇ. ಒಂದೊಂದರ ಮುಂದೂ ಬಗ್ಗಿ, ಮೆಲ್ಲಗೆ ಓದುತ್ತಿದ್ದಳು.

"ಮುಂದಿನ ಬಸ್ಸಿಗೆ ಹೋದರಾಯ್ತು ಬಿಡೇ. ಇನ್ನೊಂದು ಸಾಲು ಇದೆ."