ಮೂಲಿ ಮೋಟಾರು ಮತ್ತು ಎಡಗೈ ಹೆಬ್ಬೆರಳು

ಲೈಕಾ ಮೂರು-ಎ ಕ್ಯಾಮೆರಾದ ತಳಕ್ಕೆ ಕೂರಿಸುವ ಮೂಲಿ ಮೋಟಾರು ನನ್ನ ರಿಪೇರಿ ಬೆಂಚಿಗೆ ಬಂದದ್ದು ಅದೇ ಮೊದಲು. 1938ರ ಸುಮಾರಿಗೆ ಲೈಕಾ ತಯಾರಕರಾದ ಲೈಟ್ಸ್ (Leitz) ಕಂಪನಿ ಹೊರತಂದ ಇದಕ್ಕೆ ಬ್ಯಾಟರಿಯಿಲ್ಲ. ಗಡಿಯಾರಕ್ಕೆ ಕೊಡುವಂತೆ ಕೀ ಕೊಟ್ಟರೆ ಒಳಗಿನ ಸ್ಪ್ರಿಂಗು ಫಿಲ್ಮನ್ನು ಎಳೆದು, ಶಟರನ್ನು ಬಿಗಿದು, ಒಂದು ಕೀಗೆ ಸುಮಾರು 12 ಚಿತ್ರಗಳನ್ನು ಸರಸರನೆ ತೆಗೆಯುತ್ತದೆ.

ಜಾಬ್ ಕಾರ್ಡಿನಲ್ಲಿ ಕೌಂಟರಿನವರು ‘ಮೋಟಾರು ಡೆಡ್, ಸಿಎಲ್‌ಎ’ (ಸಿಎಲ್‌ಎ ಎಂದರೆ ಬಿಚ್ಚಿ ಸ್ವಚ್ಛಗೊಳಿಸಿ, ಎಣ್ಣೆ ಹಾಕಿ, ಸರಿಹೊಂದಿಸುವುದು) ಎಂದಷ್ಟೇ ಬರೆದಿದ್ದರು. ಸಂಜೆಯೊಳಗೆ ಎಸ್ಟಿಮೇಟ್ ಬೇಕೆಂದು ಮೇಲಿನವರು ಎರಡು ಬಾರಿ ಕೇಳಿಯಾಗಿತ್ತು. 1940ರ ಲೈಕಾ ಮೂರು-ಸಿ ಕ್ಯಾಮೆರಾದ ಬಾಡಿ ಹಿಂದಿನವುಗಳಿಗಿಂತ 2.8 ಮಿ.ಮೀ. ಉದ್ದವಿರುವುದರಿಂದ ತಳದ ಪರಿಕರಗಳು ಅದಲುಬದಲಾಗುವುದಿಲ್ಲವೆಂದು ತಿಳಿದಿದ್ದ ನಾನು, ಮೊದಲು ಅದನ್ನೇ ಪರೀಕ್ಷಿಸಿ, ಜೋಡಿ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡೆ. ಹಾಗಾದರೆ ದೋಷ ಮೋಟಾರಿನದೇ, ಓಡದ ಮೋಟಾರಿನ ಸ್ಪ್ರಿಂಗು ಸಡಿಲವಾಗಿಯೇ ಇರುತ್ತದೆ ಎಂದು ತೀರ್ಮಾನಿಸಿಬಿಟ್ಟೆ. ನಿಕಾನ್ ಎಸ್‌ಪಿ ಕ್ಯಾಮೆರಾಕ್ಕೆ 1957ರಲ್ಲಿ ಬಂದ ಎಸ್-36ನಂಥ ವಿದ್ಯುತ್ ಮೋಟಾರಾದರೆ ಬ್ಯಾಟರಿ ತೆಗೆದೊಡನೆ ಅದರ ಬಲವೂ ಹೋಗುತ್ತದೆ; ಆ ರೂಢಿಯಲ್ಲೇ ಇಲ್ಲಿಯೂ ಕೈಯಿಟ್ಟೆ.

ಮೂರನೆಯ ಸ್ಕ್ರೂ ಸಡಿಲವಾಗುವಾಗ ಮೋಟಾರಿನ ಮುಚ್ಚಳದ ಅಂಚು ಕೂದಲೆಳೆಯಷ್ಟು ತಾನಾಗಿಯೇ ಮೇಲೆದ್ದಿತು. ಅದನ್ನು ಕಣ್ಣಾರೆ ಕಂಡೆ. ಹಳೆಯ ಗ್ರೀಸು ಬಿಟ್ಟುಕೊಳ್ಳುತ್ತಿದೆ ಎಂದುಕೊಂಡು ಇನ್ನರ್ಧ ಸುತ್ತು ತಿರುಗಿಸಿದೆ. ಬರ್ರೆಂಬ ಸದ್ದಿನೊಡನೆ ಚಿಮ್ಮಿದ ಸ್ಪ್ರಿಂಗು ಹೆಬ್ಬೆರಳನ್ನು ಉಗುರಿನ ಬುಡದವರೆಗೆ ಸೀಳಿ, ಬೆಂಚಿನ ಮೇಲೆ ಸುರುಳಿ ಬಿಚ್ಚಿಕೊಂಡು ಅದುರುತ್ತಲೇ ಇತ್ತು. ಒಂದು ಉಕ್ಕಿನ ಪಿನ್ನು ಎಲ್ಲಿಗೋ ಹಾರಿತ್ತು. ಸಹೋದ್ಯೋಗಿಯೊಬ್ಬರು ಆಯಸ್ಕಾಂತ ಹಿಡಿದು ಮುಕ್ಕಾಲು ಗಂಟೆ ನೆಲವನ್ನೆಲ್ಲ ಸವರಿದರು.

ಹಿರಿಯ ಮೆಕ್ಯಾನಿಕ್ ಕ್ಯಾಮೆರಾವನ್ನು ನನ್ನ ಬಲಗೈಗೆ ಕೊಟ್ಟು, “ಇದರ ಫಿಲ್ಮ್ ಸುತ್ತುವ ನಾಬ್ ತಿರುಗಿಸಿ ನೋಡಿದ್ದೆಯೇನಪ್ಪಾ?” ಎಂದರು. ನೋಡಿರಲಿಲ್ಲ. ಬಾಡಿಯೊಳಗಿನ ಗ್ರೀಸು ಗಟ್ಟಿಯಾಗಿ ನಾಬ್ ಬಿಗಿದಿತ್ತು. ಬೆರಳುಗಳು ಅಂಥ ಬಿಗಿತವನ್ನು ಗಮನಿಸದೆಯೇ ಮೀರುತ್ತವೆ. ಸ್ಪ್ರಿಂಗಿಗೆ ಅಷ್ಟು ಬಲವಿಲ್ಲದೆ ಅದು ನಡುವೆಯೇ ನಿಂತು, ಕೊಟ್ಟ ಕೀಯನ್ನೆಲ್ಲ ಒಳಗೆ ಹಿಡಿದುಕೊಂಡಿತ್ತು.

ಬಾಡಿಯನ್ನು ಸ್ವಚ್ಛಗೊಳಿಸಿ ಮೋಟಾರನ್ನು ಮತ್ತೆ ಜೋಡಿಸಿದಾಗ ಅದು ಒಂದೇ ಕೀಗೆ 12 ಬಾರಿ ಓಡಿತು. ಜಾಬ್ ಕಾರ್ಡಿನಲ್ಲಿ ‘ಸ್ಪ್ರಿಂಗು ಇಳಿಸಿದೆಯೇ’ ಎಂಬ ಒಂದು ಸಾಲು ಸೇರಿಸಿರೆಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಹಳೆಯ ಕಾರ್ಡುಗಳು ಮುಗಿಯಲಿ ಎನ್ನುತ್ತಾರೆ. ಅಲ್ಲಿಯವರೆಗೆ ನನ್ನ ಬೆಂಚಿಗೆ ಬರುವ ಪ್ರತಿಯೊಂದು ಕಾರ್ಡಿನ ಮೇಲೂ ಅದನ್ನು ಕೆಂಪು ಪೆನ್ನಿನಲ್ಲಿ ನಾನೇ ಬರೆಯುತ್ತಿದ್ದೇನೆ.