ನಿದ್ದೆಯಲ್ಲಿ ನುಂಗುತ್ತಿದ್ದ ಮಗು

ಹಾಸನದ ಒಂದು ಆಸ್ಪತ್ರೆಯಲ್ಲಿ ನನ್ನನ್ನು ಕಿವಿ, ಮೂಗು, ಗಂಟಲಿನ ಇಎನ್‌ಟಿ ವಾರ್ಡಿಗೆ ಹಾಕಿದಾಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಮೂಳೆ ವಾರ್ಡಿನಲ್ಲಿದ್ದೆ. ಅಲ್ಲಿ ರಕ್ತ ಹೋದರೆ ಬ್ಯಾಂಡೇಜು ನೋಡಿದರೆ ಸಾಕು, ಗೊತ್ತಾಗುತ್ತಿತ್ತು.

ಆಲೂರು ಕಡೆಯ ಆರು ವರ್ಷದ ಹುಡುಗಿ. ಮಧ್ಯಾಹ್ನ ಟಾನ್ಸಿಲ್ ತೆಗೆದಿದ್ದರು. ರಾತ್ರಿ ಹತ್ತಕ್ಕೆ 104 ಇದ್ದ ನಾಡಿ ಒಂದು ಗಂಟೆಗೆ 136 ಆಗಿತ್ತು. ಬಿಪಿ ಸರಿಯಿತ್ತು, ದಿಂಬಿನ ಮೇಲೆ ಒಂದು ಹನಿ ರಕ್ತವಿಲ್ಲ. ನೋವಿರಬೇಕು ಅಂದುಕೊಂಡು ಚಾರ್ಟ್ ತುಂಬಿಸಿದೆ. "ಈಗ ತಾನೇ ನಿದ್ದೆ ಹತ್ತಿದೆ ಸಿಸ್ಟರ್, ಎಬ್ಬಿಸ್ಬೇಡಿ" ಎಂದರು ತಾಯಿ. ನನಗೂ ಎಬ್ಬಿಸಲು ಮನಸ್ಸು ಬರಲಿಲ್ಲ.

ಚಾರ್ಟ್ ನೋಡಿದ ಹಿರಿಯ ಸಿಸ್ಟರ್ ಎದ್ದು ಬಂದರು. ಮಗುವನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತು ಅದರ ಕುತ್ತಿಗೆಯನ್ನೇ ನೋಡಿದರು. "ಎಷ್ಟು ಸಲ ನುಂಗ್ತಾಳೆ ಎಣಿಸಮ್ಮ" ಅಂದರು. ಒಂದು ನಿಮಿಷಕ್ಕೆ ಒಂಬತ್ತು ಸಲ. ಗಂಟಲು ಹುಣ್ಣಾದ ಮಗು ಎಚ್ಚರವಿದ್ದಾಗಲೇ ಎಂಜಲು ನುಂಗಲು ಹೆದರುತ್ತದೆ. ನಿದ್ದೆಯಲ್ಲಿ ಇಷ್ಟು ಸಲ ನುಂಗುತ್ತಿದೆ ಎಂದರೆ ಹಿಂದೆ ಏನೋ ಇಳಿಯುತ್ತಿದೆ. ಎಬ್ಬಿಸಿ ಟಾರ್ಚ್ ಬಿಟ್ಟೆವು. ಬಲಗಡೆಯಿಂದ ರಕ್ತ ಎಳೆಯಾಗಿ ಜಾರುತ್ತಿತ್ತು. ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ವಾಂತಿಯಾಯಿತು, ಕಾಫಿ ಚರಟದ ಬಣ್ಣದ್ದು. ಹೊಟ್ಟೆಗೆ ಹೋದ ರಕ್ತ ಹಾಗೆಯೇ ಕಾಣುವುದು. ಮತ್ತೆ ಥಿಯೇಟರಿಗೆ ಕರೆದೊಯ್ದು ರಕ್ತ ನಿಲ್ಲಿಸಿದರು. ಹುಡುಗಿ ಉಳಿದಳು. ನಾನು ಮಾತ್ರ ಬೆಳಗಾಗುವವರೆಗೆ ಆ 136ನ್ನೇ ನೋಡುತ್ತಾ ಕೂತಿದ್ದೆ.

ಮಕ್ಕಳಲ್ಲಿ ಮೊದಲು ಏರುವುದು ನಾಡಿ. ಬಿಪಿ ಬೀಳುವುದು ತುಂಬಾ ತಡವಾಗಿ, ಆಗ ಕೈಯಲ್ಲಿ ಸಮಯವೇ ಇರುವುದಿಲ್ಲ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ರಾತ್ರಿ ಮಗುವನ್ನು ಅಂಗಾತ ಮಲಗಿಸಿದ್ದರು, ಅದನ್ನೂ ನಾನು ಗಮನಿಸಲಿಲ್ಲ. ಪಕ್ಕಕ್ಕೆ ಮಲಗಿಸಿದ್ದರೆ ರಕ್ತ ಬಾಯಿಂದ ಹೊರಗೆ ಬಂದು ನನ್ನ ಕಣ್ಣಿಗೆ ಬೀಳುತ್ತಿತ್ತು.

ರಕ್ತ ನಿಲ್ಲಲೆಂದು ಮೂಗಿನೊಳಗೆ ಗಾಜ್ ಬಟ್ಟೆ ತುಂಬಿ ಪ್ಯಾಕ್ ಹಾಕಿದವರ ವಿಷಯವೂ ಇದೇ. ಮುಂದಿನ ಗಾಜ್ ಒಣಗಿದೆ ಎಂದು ಸಮಾಧಾನ ಪಡುವ ಹಾಗಿಲ್ಲ, ಬಾಯಿ ತೆರೆಸಿ ಗಂಟಲ ಹಿಂಗೋಡೆ ನೋಡಬೇಕು. ಮೂಗಿನಿಂದ ರಕ್ತ ಬಂದವರನ್ನು ಮನೆಯವರು ತಲೆ ಹಿಂದಕ್ಕೆ ಬಾಗಿಸಿ, ನೆತ್ತಿಗೆ ನೀರು ತಟ್ಟಿಕೊಂಡು ಕರೆತರುತ್ತಾರೆ. ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಅದುಮಿ, ಬಾಯಿಗೆ ಬಂದದ್ದನ್ನು ಉಗುಳಿಸಬೇಕು. ನಡುನಡುವೆ ಬಿಟ್ಟು ನೋಡಿದರೆ ಮತ್ತೆ ಮೊದಲಿನಿಂದ ಶುರು.

ಟಾನ್ಸಿಲ್ ಮಕ್ಕಳಿಗೆ ಬೀಟ್‌ರೂಟ್ ರಸ, ಕೆಂಪು ಶರಬತ್ತು ಬೇಡ ಎನ್ನುತ್ತೇನೆ, ವಾಂತಿಯಾದರೆ ರಕ್ತವೋ ಶರಬತ್ತೋ ತಿಳಿಯುವುದಿಲ್ಲ. ಅಜ್ಜಿಯಂದಿರು ಕೇಳುವುದು ಮಾತ್ರ ಒಂದೇ, "ಮುದ್ದೆ ಕೊಡಬೌದಾ?" ಬಿಸಿ ಇಲ್ಲದೆ ಮೆತ್ತಗಿದ್ದರೆ ಧಾರಾಳವಾಗಿ ಕೊಡಿ. ತಿನ್ನದೆ, ಕುಡಿಯದೆ ಒಣಗಿದ ಗಂಟಲಿಗೇ ನೋವು ಜಾಸ್ತಿ.

ನಾನು ಹೆಚ್ಚು ಹೊತ್ತು ಮಾತಾಡುವುದು ಡಿಸ್ಚಾರ್ಜ್ ದಿನ. ಗಂಟಲಲ್ಲಿ ಕಾಣುವ ಬಿಳಿ ಪೊರೆ ಕೀವಲ್ಲ, ಗಾಯ ಮಾಯುತ್ತಿರುವ ಗುರುತು. ಐದರಿಂದ ಹತ್ತನೇ ದಿನದೊಳಗೆ ಆ ಪೊರೆ ಕಳಚುವಾಗ ಮತ್ತೆ ರಕ್ತ ಬರಬಹುದು. ಮಗು ಆಟವಾಡುತ್ತಿರುತ್ತದೆ, ಎಲ್ಲರೂ ಮರೆತಿರುತ್ತಾರೆ, ಅಂಥ ಹೊತ್ತಿನಲ್ಲೇ ಬರುವುದು. "ಐದನೇ ದಿನದಿಂದ" ಎಂದು ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಆ ದಿನಗಳ ತಾರೀಕುಗಳನ್ನೇ ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಅಷ್ಟು ದಿನ ದೂರದ ಊರಿಗೆ, ಜಾತ್ರೆಗೆ ಹೋಗಬೇಡಿ, ಉಗುಳಿನಲ್ಲಿ ಕೆಂಪು ಕಂಡರೆ ಬೆಳಗಾಗಲೆಂದು ಕಾಯಬೇಡಿ ಎನ್ನುತ್ತೇನೆ.

ಕಳೆದ ಮಳೆಗಾಲದಲ್ಲಿ ಸಕಲೇಶಪುರದಾಚೆಯ ತೋಟದಿಂದ ಒಬ್ಬರು ಏಳನೇ ದಿನ ರಾತ್ರಿ ಮೂರು ಗಂಟೆಗೆ ಮಗನನ್ನು ಜೀಪಿನಲ್ಲಿ ಕರೆತಂದರು. ಮಗನನ್ನು ಪಕ್ಕಕ್ಕೆ ಮಲಗಿಸಿಕೊಂಡೇ ಬಂದಿದ್ದರು. ಅಂಗಿಯ ಜೇಬಿನಲ್ಲಿ ಆ ಚೀಟಿ ಇತ್ತು.